ಟಿಪ್ಸ್ ಕಡಿಮೆ ಬಂದ ವಾರ ಮಾಲೀಕರು ಕೊಡಬೇಕಾದದ್ದು

ಟೆಕ್ಸಾಸ್‌ನ ರೆಸ್ಟೋರೆಂಟ್‌ನಲ್ಲಿ ಸರ್ವರ್ ಕೆಲಸ, ಗಂಟೆಗೆ 2.13 ಡಾಲರ್, ಟಿಪ್ಸ್ ಬರದ ವಾರವೂ ಅಷ್ಟೇ ಕೈಗೆ ಬಂತು, ಇದು ಸರಿಯಾ ಅಂತ ಕೇಳಿದ್ದೀರಿ. ಖಂಡಿತ ಸರಿಯಲ್ಲ.

2.13 ಅನ್ನೋದು ಟಿಪ್ಸ್ ಸಿಗುವ ಕೆಲಸಗಾರರಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲೇ ಇರುವ ದರ. 1991ರಿಂದ ಬದಲಾಗಿಲ್ಲ, ಇದೇ ದೊಡ್ಡ ಅನ್ಯಾಯ ಅಂತ ನನಗನಿಸುತ್ತದೆ. ಆದರೆ ಅದರ ಜೊತೆಗೊಂದು ಷರತ್ತಿದೆ. ಟಿಪ್ಸ್ ಸೇರಿಸಿದರೆ ಗಂಟೆಗೆ ಕನಿಷ್ಠ 7.25 ಡಾಲರ್ ಆಗಲೇಬೇಕು. ಆಗದಿದ್ದರೆ ಉಳಿದದ್ದನ್ನು ಮಾಲೀಕರೇ ತುಂಬಬೇಕು.

ಲೆಕ್ಕ ಹಾಕಿ ನೋಡಿ. ವಾರಕ್ಕೆ 30 ಗಂಟೆ ದುಡಿದಿರಿ ಅಂದುಕೊಳ್ಳಿ. ನಿಮಗೆ ಸಿಗಬೇಕಾದದ್ದು 217.50. ಸಂಬಳ 63.90, ಟಿಪ್ಸ್ 120 ಬಂತು ಅಂದರೆ ಒಟ್ಟು 183.90. ಬಾಕಿ 33.60 ಡಾಲರ್ ಅವರು ಕೊಡಬೇಕು. ಈ ಲೆಕ್ಕ ವಾರ ವಾರಕ್ಕೆ ಬೇರೆ. ಹೋದ ವಾರ ಜಾಸ್ತಿ ಬಂದಿತ್ತಲ್ಲ ಅಂತ ತಳ್ಳಿಹಾಕೋ ಹಾಗಿಲ್ಲ.

ಇವತ್ತಿಂದಲೇ ಜೇಬಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಕೆಲಸಕ್ಕೆ ಬಂದ ಹೊತ್ತು, ಹೋದ ಹೊತ್ತು, ನಗದು ಟಿಪ್ಸ್, ಕಾರ್ಡ್ ಟಿಪ್ಸ್ ಬೇರೆ ಬೇರೆ ಬರೆಯಿರಿ. ಮನೆಗೆ ಹೊರಡೋ ಮೊದಲೇ ಬರೆಯಿರಿ, ಬೆಳಗ್ಗೆ ನೆನಪಿರಲ್ಲ. ಅಂದಹಾಗೆ, ಮ್ಯಾನೇಜರ್ ನಿಮ್ಮ ಟಿಪ್ಸ್‌ನಲ್ಲಿ ಪಾಲು ಕೇಳಿದರೆ ಕೊಡಬೇಡಿ. ಇದೇ ಕಾನೂನಿನ 2018ರ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ತಡೆಯುತ್ತದೆ.

ಮೊದಲು ಪೇ ಸ್ಲಿಪ್ ಮತ್ತು ಪುಸ್ತಕ ತೋರಿಸಿ ಸಮಾಧಾನವಾಗಿ ಕೇಳಿ. ಒಪ್ಪದಿದ್ದರೆ ಅಮೆರಿಕದ ಕೇಂದ್ರ ಕಾರ್ಮಿಕ ಇಲಾಖೆಯಲ್ಲಿ ಸಂಬಳದ ದೂರು ನೋಡಿಕೊಳ್ಳುವ ವೇಜ್ ಅಂಡ್ ಅವರ್ ಡಿವಿಷನ್‌ಗೆ ದೂರು ಕೊಡಿ. ಖರ್ಚಿಲ್ಲ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ, ಹೆದರಬೇಡಿ.