ಆಪ್ತಸಲಹೆ ಪ್ರಕರಣ: ಹಾಳೆಯ ಹಿಂಬದಿಗೆ ಮೂಡಿದ ಅಂಕಿಗಳು

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ‘ರ’ ಎಂದು ಕರೆಯುತ್ತೇನೆ. ಮೂವತ್ತು ದಾಟಿದವರು, ದಿನವಿಡೀ ಅಂಕಿಗಳ ನಡುವೆಯೇ ಕೆಲಸ. ವಾರಕ್ಕೊಮ್ಮೆ ಗೆಳೆಯರೊಂದಿಗೆ ಮೂರೆಲೆಯ ಇಸ್ಪೀಟು. ಮೋಜಿಗೆಂದು ಶುರುವಾದದ್ದು ಉಳಿತಾಯದ ಹಣಕ್ಕೆ ಕೈಹಾಕಿತ್ತು. ಪತ್ನಿಯ ಒತ್ತಾಯಕ್ಕೆ ಬಂದವರು ಕುಳಿತೊಡನೆ ಒಂದು ನೋಟ್‌ಪುಸ್ತಕವನ್ನು ಮೇಜಿನ ಮೇಲಿಟ್ಟು, “ನನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ, ಅಷ್ಟು ಹೇಳಿ ಸಾಕು” ಎಂದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. 52 ಎಲೆಗಳಿಂದ ಮೂರೆಲೆಯ 22,100 ‘ಕೈ’ಗಳಾಗುತ್ತವೆ (ಒಬ್ಬರ ಪಾಲಿಗೆ ಬರುವ ಮೂರೆಲೆಗಳ ಗುಂಪೇ ಒಂದು ಕೈ). ಅವುಗಳಲ್ಲಿ 16,440 ಕೈಗಳು ಬರೀ ಬಿಡಿ ಎಲೆಗಳು, 3,744 ಜೋಡಿಗಳು. ಒಂದೇ ಬೆಲೆಯ ಮೂರೆಲೆ ಕೂಡುವುದು 52ರಲ್ಲಿ ಮಾತ್ರ. ಜೋಡಿ ಅಥವಾ ಅದಕ್ಕಿಂತ ಮೇಲಿನ ಕೈ ನಾಲ್ಕಕ್ಕೊಮ್ಮೆ ಬರುತ್ತದೆ. ಇದೆಲ್ಲವನ್ನೂ ಅವರು ಅಚ್ಚುಕಟ್ಟಾಗಿ ಬರೆದಿದ್ದರು. ಆದರೆ ಪುಟ ತಿರುವಿದಾಗ ನನ್ನ ಬೆರಳಿಗೆ ಬೇರೊಂದು ಸಂಗತಿ ತಗುಲಿತು. ಸತತ ಸೋಲಿನ ನಂತರ ಕಟ್ಟಿದ ಪಣದ ಅಂಕಿಗಳು ಹಾಳೆಯ ಹಿಂಬದಿಗೆ ಉಬ್ಬಿ ಮೂಡಿದ್ದವು. ಪೆನ್ನನ್ನು ಅಷ್ಟು ಒತ್ತಿ ಬರೆದಿದ್ದರು.

ಕೇಳಿದಾಗ ಹೇಳಿದರು: “ಐದಾರು ಕೈ ಕೆಟ್ಟ ಮೇಲೆ ಒಳ್ಳೆಯದು ಬರಲೇಬೇಕಲ್ಲ? ಅದಕ್ಕೇ ಪ್ರತಿ ಸೋಲಿಗೂ ಪಣವನ್ನು ದುಪ್ಪಟ್ಟು ಮಾಡುತ್ತಿದ್ದೆ.”

ಉಪದೇಶ ಮಾಡಲಿಲ್ಲ. ಒಂದು ಕಟ್ಟು ಎಲೆ ತರಿಸಿ, ಪ್ರತಿ ಸಲವೂ ಕಲಸಿ, ಪಣವಿಲ್ಲದೆ 60 ಕೈ ಹಂಚಿದೆ. “ಈಗ ಬಂದೇ ಬರುತ್ತದೆ” ಎನ್ನಿಸಿದಾಗಲೆಲ್ಲ ಎಲೆ ತೆರೆಯುವ ಮೊದಲೇ ಒಂದು ಗುರುತು ಹಾಕಿ ಎಂದೆ. ಗುರುತು ಹಾಕಿದ 19 ಕೈಗಳಲ್ಲಿ 4ರಲ್ಲಿ ಜೋಡಿ ಅಥವಾ ಮೇಲಿನದು ಬಂತು. ಗುರುತಿಲ್ಲದ 41ರಲ್ಲಿ 12. ಅವರು ಎರಡು ಸಲ ಎಣಿಸಿ ಸುಮ್ಮನಾದರು. ಕಲಸಿದ ಎಲೆಗೆ ಹಿಂದಿನ ಕೈಯ ನೆನಪಿಲ್ಲ ಎಂಬುದು ಅವರಿಗೆ ಗೊತ್ತಿರದ ವಿಷಯವಲ್ಲ. ಸೋಲಿನ ಹೊತ್ತಿನಲ್ಲಿ ಆ ಅರಿವು ಕೈಗೆ ಸಿಗುತ್ತಿರಲಿಲ್ಲ, ಅಷ್ಟೇ.

ದುಪ್ಪಟ್ಟಿನ ಲೆಕ್ಕವನ್ನು ಅವರಿಂದಲೇ ಮಾಡಿಸಿದೆ. ಆಟದಲ್ಲಿ ಐವರಿದ್ದು, ಎಲ್ಲರಿಗೂ ಸಮ ಅವಕಾಶವೆಂದುಕೊಂಡರೆ ಒಬ್ಬರು ಸತತ ಏಳು ಕೈ ಸೋಲುವ ಸಂಭವ ಸುಮಾರು ಐದರಲ್ಲಿ ಒಂದು. ಅದು ಗ್ರಹಚಾರವಲ್ಲ, ಮಾಮೂಲು. ಹಣದ ಬದಲು ಪಣಕ್ಕಿಡುವ ಬಿಲ್ಲೆಗಳಲ್ಲಿ ಒಂದರಿಂದಲೇ ಶುರುಮಾಡಿದರೂ ಅಷ್ಟರೊಳಗೆ 127 ಬಿಲ್ಲೆ ಹೋಗಿರುತ್ತದೆ, ಮುಂದಿನ ಕೈಗೆ ಇನ್ನೂ 128 ಬೇಕು.

ಇನ್ನೊಂದು ಗಂಟು ಇದಕ್ಕಿಂತ ಬಿಗಿಯಾಗಿತ್ತು. ಎಲ್ಲರೂ ಕಟ್ಟಿದ ಪಣ ಸೇರಿ ಮೇಜಿನ ನಡುವೆ 30 ಬಿಲ್ಲೆ ಇದ್ದು, ಮುಂದುವರಿಯಲು 10 ಕಟ್ಟಬೇಕಾದರೆ ಗೆಲ್ಲುವ ಸಂಭವ ಕನಿಷ್ಠ ನಾಲ್ಕರಲ್ಲಿ ಒಂದಿರಬೇಕು. ಇದೂ ಅವರಿಗೆ ಗೊತ್ತು. ಆದರೂ “ಇಷ್ಟು ಹಾಕಿದ್ದೇನೆ, ಹೇಗೆ ಬಿಡಲಿ?” ಎನ್ನುತ್ತಿದ್ದರು. 1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ, ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂದು ಪತ್ರಗಳಲ್ಲಿ ಚರ್ಚಿಸಿದಾಗ ಎಣಿಸಿದ್ದು ಮುಂದೆ ಆಗಬಹುದಾದ ಸುತ್ತುಗಳನ್ನು ಎಂದು ಹೇಳಿದೆ. ನಡುವೆ ಬಿದ್ದ ಬಿಲ್ಲೆ ಇನ್ನು ಕಟ್ಟಿದವರದಲ್ಲ. ಇದನ್ನು ಒಪ್ಪಿಕೊಳ್ಳಲು ‘ರ’ ಅವರಿಗೆ ಎರಡು ಭೇಟಿಗಳು ಬೇಕಾದವು. ನಾನೂ ಅವಸರ ಮಾಡಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಕಳೆದುಕೊಂಡ ಪೂರ್ತಿ ಮೊತ್ತವನ್ನು ಪತ್ನಿಗೆ ತಿಳಿಸಬೇಕು, ಅದೂ ಮೊದಲು. ಆಟಕ್ಕೆ ಹೋಗುವ ಮುನ್ನ ಅಂದು ಕಳೆದುಕೊಳ್ಳಬಹುದಾದ ಹಣದ ಮಿತಿಯನ್ನು ಬರೆದು ಪತ್ನಿಯ ಕೈಗೆ ಕೊಡಬೇಕು. ಆರಂಭದ ಪಣ ಇಡೀ ಸಂಜೆ ಒಂದೇ ಇರಬೇಕು, ಸಾಲದ ಆಟ ಕೂಡದು. ಮಿತಿಯನ್ನು ಎರಡು ಬಾರಿ ಮೀರಿದರೆ ಮೂರು ತಿಂಗಳು ಎಲೆ ಮುಟ್ಟುವಂತಿಲ್ಲ. ಆಗ ಇದು ಲೆಕ್ಕದ ವಿಷಯವಾಗಿ ಉಳಿಯುವುದಿಲ್ಲ, ಮನೋವೈದ್ಯರನ್ನೂ ಕಾಣಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ. ನೋಟ್‌ಪುಸ್ತಕದಲ್ಲಿ ಹೊಸ ಕಾಲಂ ಒಂದನ್ನು ಗೆರೆ ಎಳೆದು ಕೊಟ್ಟೆ: ಪಣ ಕಟ್ಟುವಾಗ ಮನಸ್ಸಿನಲ್ಲಿ ಏನಿತ್ತು?

ಐದನೆಯ ಭೇಟಿಗೆ ಪುಸ್ತಕ ತಂದರು. ಬರಹ ತೆಳುವಾಗಿತ್ತು, ಹಾಳೆಯ ಹಿಂಬದಿ ನುಣುಪಾಗಿತ್ತು. ಒಂದು ಸಾಲು ಮಾತ್ರ ಉಬ್ಬಿತ್ತು. ಅದಕ್ಕೆ ಅವರೇ ವೃತ್ತ ಎಳೆದಿದ್ದರು. ಹೊಸ ಕಾಲಂನಲ್ಲಿ, “ಇವತ್ತು ಅಪ್ಪನೊಂದಿಗೆ ಜಗಳವಾಯಿತು” ಎಂದಿತ್ತು. ಆ ದಿನ ಎಲೆಯ ಮಾತನ್ನು ಬದಿಗಿಟ್ಟು ಅಪ್ಪನ ವಿಷಯ ಮಾತನಾಡಿದೆವು.