ನಾಲ್ಕು ಜನರ ಸಂಸಾರ, 1258ನೇ ಇಸವಿ, ಐದು ಸಾವಿರ ರೂಪಾಯಿ

ಹಳೆಯ ಕಾಲವೊಂದರ ಉಡುಗೆ ತೊಟ್ಟು, ಆ ಕಾಲದ ಅಡುಗೆ ಉಂಡು, ಸಂಸಾರ ಸಮೇತ ಒಂದು ದಿನ ಕಳೆಯುವ ಹವ್ಯಾಸದ ಬಗ್ಗೆ ಮಂಡ್ಯ, ಮೈಸೂರು ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಗಂಡ, ಹೆಂಡತಿ, 12 ವರ್ಷದ ಮಗ, 7 ವರ್ಷದ ಮಗಳು ಇರುವ ಮನೆ ನಮ್ಮದು. ಯುರೋಪಿನಲ್ಲಿ ಮನೆಮಂದಿಯೆಲ್ಲ ಮಧ್ಯಯುಗದ ವೇಷ ಹಾಕಿಕೊಂಡು, ಡೇರೆ ಹೊಡೆದು, ಕತ್ತಿವರಸೆ ಮಾಡುವ ವಿಡಿಯೊ ನೋಡಿದೆವು. ಕವಚದ ಬೆಲೆ ಕೇಳಿ ಎದೆ ಧಸಕ್ಕೆಂದಿತು. ನಮ್ಮ ಕಡೆ ಕಮ್ಮಿ ಖರ್ಚಲ್ಲಿ ಮಾಡಲಾದೀತೆ? — ಓದುಗರು, ಮಂಡ್ಯ

ಉತ್ತರ: ಕವಚದ ಆಸೆ ಮೊದಲು ಬಿಡಿ. ಯುರೋಪಿನ ಯೋಧನ ಪೂರ್ತಿ ಉಕ್ಕಿನ ಕವಚ 20 ಕೆ.ಜಿ. ಆಸುಪಾಸು ತೂಗುತ್ತದೆ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅದನ್ನು ತೊಟ್ಟರೆ ಹತ್ತು ನಿಮಿಷಕ್ಕೆ ಮಜ್ಜಿಗೆ ಕೇಳುತ್ತೀರಿ. ಅಮೆರಿಕದಲ್ಲಿ 1966ರಲ್ಲಿ ಶುರುವಾದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ' ಈ ಹವ್ಯಾಸದ ದೊಡ್ಡ ಕೂಟ. ಅವರಲ್ಲಿ ಅಡುಗೆ, ನೂಲು, ಬಣ್ಣ, ಹಾಡು ಎಂದುಕೊಂಡು ಕತ್ತಿಯನ್ನೇ ಮುಟ್ಟದವರು ಬೇಕಾದಷ್ಟು ಜನ ಇದ್ದಾರೆ. ನೀವೂ ಆ ತುದಿಯಿಂದ ಹಿಡಿಯಿರಿ.

ದುಡ್ಡು ಬಿಚ್ಚುವ ಮುಂಚೆ ಕಾಗದದ ಮೇಲೆ ಮೂರು ಸಂಗತಿ ಬರೆಯಿರಿ: ಯಾವ ಇಸವಿ, ಯಾವ ಊರು, ಯಾವ ಕಸುಬಿನ ಸಂಸಾರ. 'ಹೊಯ್ಸಳರ ಕಾಲ' ಎಂದಷ್ಟೇ ಬರೆದರೆ ಅದು ಮುನ್ನೂರು ವರ್ಷದ ಚೀಲ, ಕಂಡದ್ದೆಲ್ಲ ಅದರೊಳಗೆ ಬೀಳುತ್ತದೆ. ನಿಮ್ಮ ಕಡೆಯವರಿಗೆ ನಾವು ಹೇಳುವುದು 1258. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಸೋಮನಾಥಪುರದ ಕೇಶವ ಗುಡಿ ಕಟ್ಟಿಸಿದ ಇಸವಿ ಅದು. ಗುಡಿಗೆ ಅಕ್ಕಿ ಹೊರುವವರೋ, ಕಲ್ಲು ಸಾಗಿಸುವ ಗಾಡಿಯವರೋ ಆಗಿ. ರಾಜ-ರಾಣಿ ಆಗಲು ಹೊರಟರೆ ಖರ್ಚು ಏರುತ್ತದೆ, ತಪ್ಪೂ ಏರುತ್ತದೆ. ಪ್ಲಾಸ್ಟಿಕ್ ಕಿರೀಟ, ಮಿಂಚುವ ಜರಿ, ಬಾಡಿಗೆ ನಾಟಕದ ಡ್ರೆಸ್ಸು ಎಲ್ಲ ಬರುವುದು ಆ ದಾರಿಯಲ್ಲೇ.

ನೋಡಿ ಕಲಿಯುವುದಕ್ಕೆ ಕಾಸು ಬೇಡ. ಗುಡಿಯ ಗೋಡೆಯ ದೊಡ್ಡ ವಿಗ್ರಹಗಳನ್ನು ನೋಡಿ ಬಟ್ಟೆ ಹೊಲಿಸಬೇಡಿ, ಅದು ದೇವರ ಅಲಂಕಾರ. ಕಣ್ಣು ಕೆಳಗಿಳಿಸಿ. ಗೋಡೆಯ ಬುಡದ ಪಟ್ಟಿಕೆಗಳಲ್ಲಿ, ಆನೆಗಳ ಸಾಲಿನ ಮೇಲಿನ ಕುದುರೆ ಸವಾರರಲ್ಲಿ, ಪುರಾಣದ ಚಿಕ್ಕ ಚಿಕ್ಕ ದೃಶ್ಯಗಳಲ್ಲಿ ಮನುಷ್ಯರಿದ್ದಾರೆ. ಮಂಡ್ಯ ತಾಲ್ಲೂಕಿನಲ್ಲೇ ಬಸರಾಳಿನ ಮಲ್ಲಿಕಾರ್ಜುನ ಗುಡಿ ಇದೆ, 1234ರದು. ಇವಕ್ಕಿಂತ ಒಳ್ಳೆಯ ಮೇಷ್ಟರು ಊರಾಚೆಯ ವೀರಗಲ್ಲು. ಸಾಮಾನ್ಯವಾಗಿ ಮೂರು ಅಂತಸ್ತಿರುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ನಿಮಗೆ ಬೇಕಾದ್ದು ಕೆಳಗಿನದು. ಕಚ್ಚೆ ಎಲ್ಲಿವರೆಗೆ ಬಂದಿದೆ, ಕೂದಲನ್ನು ಎಲ್ಲಿ ಗಂಟು ಹಾಕಿದ್ದಾನೆ, ಗುರಾಣಿ ದುಂಡಗಿದೆಯೋ ಉದ್ದವೋ ನೋಡಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಆಗ ಬಿಸಿಲು ಓರೆಯಾಗಿ ಬಿದ್ದು ಸವೆದ ಗೆರೆಯೂ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಬರೀ ಕಲ್ಲು.

ಐದು ಸಾವಿರ ಎತ್ತಿಟ್ಟರೆ ಅರ್ಧಕ್ಕಿಂತ ಹೆಚ್ಚು ಬಟ್ಟೆಗೆ ಹೋಗಲಿ. ಮಿಕ್ಕದ್ದು ಮಡಕೆ, ಬಣ್ಣದ ಸಾಮಾನು, ಮಗನ ಬೆತ್ತಕ್ಕೆ. ಒಡವೆಗೆ ಈ ವರ್ಷ ಸೊನ್ನೆ.

ಪ್ರಶ್ನೆ: ಬಟ್ಟೆ ಎಷ್ಟು ಬೇಕು, ಯಾವುದು ತರಬೇಕು? ಮನೆಯಲ್ಲಿರುವ ಹಳೆ ಸೀರೆ ಆಗುತ್ತದೆಯೇ? — ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಹತ್ತಿಯದಾದರೆ ಧಾರಾಳವಾಗಿ ಆಗುತ್ತದೆ. ಗಂಡಸಿಗೆ ಎಂಟು ಮೊಳದ ಪಂಚೆ, ಅಂದರೆ 3.6 ಮೀಟರು, ಹೆಗಲಿಗೆ 2 ಮೀಟರಿನ ಶಲ್ಯ. ಹೆಂಗಸಿಗೆ ಕಚ್ಚೆ ಹಾಕಿ ಉಡಲು ಎಂಟು ಗಜ, ಸುಮಾರು 7.3 ಮೀಟರು. ಈಗಿನ ಐದೂವರೆ ಮೀಟರಿನ ಸೀರೆಯಲ್ಲಿ ಕಚ್ಚೆ ಹಾಕಲು ಹೋದರೆ ಹಿಂದೆ ಸಿಕ್ಕಿಸುವ ಹೊತ್ತಿಗೆ ಸೆರಗು ಮುಗಿದಿರುತ್ತದೆ. ಅದಕ್ಕೆ ಒಳತುದಿಗೆ 1.8 ಮೀಟರು ಬಿಳಿ ಬಟ್ಟೆ ಕೂಡಿಸಿ ಹೊಲಿಯಿರಿ. ಜೋಡಣೆ ಕಚ್ಚೆಯೊಳಗೆ ಮುಚ್ಚಿಹೋಗುತ್ತದೆ, ಯಾರಿಗೂ ಕಾಣದು. ಹುಡುಗನಿಗೆ 2 ಮೀಟರು, ಹುಡುಗಿಗೆ 3 ಸಾಕು.

ರವಿಕೆಯದೇ ತಲೆನೋವು. ಶಿಲ್ಪದಲ್ಲಿ ಹೆಂಗಸರ ಮೈಮೇಲೆ ಬಹುಪಾಲು ಬರೀ ಹಾರ, ಅಥವಾ ಎದೆಪಟ್ಟಿ. ಅದನ್ನು ಅನುಸರಿಸಿ ಎಂದು ಯಾರೂ ಹೇಳುವುದಿಲ್ಲ. ಕುಪ್ಪಸ ಎಂಬ ಮಾತೇ ಹಳಗನ್ನಡದಿಂದ ಬಂದದ್ದು. ಉತ್ತರ ಕರ್ನಾಟಕದ ಕುಬಸದಂತೆ ಮುಂದೆ ಗಂಟು ಹಾಕುವ, ಹುಕ್ಕಿಲ್ಲದ ತುಂಡು ಸಾಕು, 80 ಸೆಂ.ಮೀ. ಬಟ್ಟೆ ಹಿಡಿಯುತ್ತದೆ. ಲಂಗ ಬೇಡ, ಕಚ್ಚೆ ಸೀರೆಗೆ ಅದು ಅಡ್ಡಿಯೇ. ನಾಚಿಕೆಯೆನಿಸಿದರೆ ಒಳಗೊಂದು ಮೊಣಕಾಲುದ್ದದ ಚಡ್ಡಿ ಇರಲಿ.

ಮೇಲುಕೋಟೆ ಕೈಮಗ್ಗದ ಪಂಚೆ ಸಿಕ್ಕರೆ ಬಲು ಒಳ್ಳೆಯದು, ಇಲ್ಲದಿದ್ದರೆ ಬಿಳುಪು ಮಾಡದ ಕೋರಾ ಬಟ್ಟೆ. 'ಪ್ಯೂರ್ ಕಾಟನ್' ಎಂದು ಅಂಗಡಿಯವರು ಹೇಳಿದ್ದನ್ನು ನಂಬದೆ ಅಂಚಿಂದ ಒಂದು ಎಳೆ ಕಿತ್ತು, ನೀರಿಟ್ಟ ತಟ್ಟೆಯ ಮೇಲೆ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರು ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಇದು ಬರೀ ಇತಿಹಾಸದ ಮಡಿವಂತಿಕೆಯಲ್ಲ. ಸೌದೆ ಒಲೆಯ ಮುಂದೆ ಕೂರುವಾಗ ಕಿಡಿ ಬಿದ್ದರೆ ಕರಗಿದ ಪಾಲಿಯೆಸ್ಟರು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಮೈಸೂರು ಪೇಟ ಬೇಡ. ಅದರ ಈಗಿನ ರೂಪ ಬಹಳ ಈಚಿನ ಒಡೆಯರ ಆಸ್ಥಾನದ್ದು. 1258ರ ತಲೆಯ ಮೇಲೆ ಅದನ್ನಿಟ್ಟರೆ ಮಿಕ್ಕದ್ದೆಲ್ಲ ಸರಿಯಿದ್ದೂ ವ್ಯರ್ಥ.

ಪ್ರಶ್ನೆ: ಕೋರಾ ಬಟ್ಟೆಗೆ ಅರಿಶಿನದಲ್ಲಿ ಬಣ್ಣ ಹಾಕಿದೆ. ಸೋಪು ತಗುಲಿದ ಕಡೆ ಕೆಂಪಾಯಿತು, ಎರಡನೇ ಒಗೆತಕ್ಕೆ ಎಲ್ಲ ಹೋಯಿತು. ಎಲ್ಲಿ ತಪ್ಪಿದೆ? — ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ತಪ್ಪಲಿಲ್ಲ, ಅರಿಶಿನದ ಗುಣವೇ ಅದು. ಬಿಸಿಲಿಗೆ ಮಾಸುತ್ತದೆ, ಸೋಪಿನ ಕ್ಷಾರಕ್ಕೆ ಕೆಂಪಾಗುತ್ತದೆ. ನಿಲ್ಲುವ ಕೆಂಪು ಬೇಕಿದ್ದರೆ ಮಂಜಿಷ್ಠದ ಬೇರು ಹಿಡಿಯಿರಿ. ಬೇಕಾದ ಮೂರೂ ಸಾಮಾನನ್ನು ದೇವರಾಜ ಮಾರುಕಟ್ಟೆ ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ಕೇಳಿ: ಮಂಜಿಷ್ಠ, ಅಳಲೆಕಾಯಿ, ಪಟಿಕ.

ಅರ್ಧ ಕೆ.ಜಿ. ಒಣಬಟ್ಟೆಯ ಲೆಕ್ಕ ಇದು. ಮೊದಲು ಗಂಜಿ ತೆಗೆಯಬೇಕು. ಹತ್ತು ಲೀಟರು ನೀರಿಗೆ 10 ಗ್ರಾಂ ವಾಷಿಂಗ್ ಸೋಡ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ, ಜಾಲಿಸಿ ಒಣಗಿಸಿ. ಒಂದು ಹನಿ ನೀರು ಬಿಟ್ಟು ನೋಡಿ, ಥಟ್ಟನೆ ಹೀರಬೇಕು. ಹನಿ ಮುತ್ತಿನಂತೆ ಕೂತರೆ ಮತ್ತೆ ಕುದಿಸಿ. ಬಣ್ಣ ಮಚ್ಚೆ ಮಚ್ಚೆಯಾಗುವುದಕ್ಕೆ ಹತ್ತಕ್ಕೆ ಎಂಟು ಸಲ ಈ ಗಂಜಿಯೇ ಕಾರಣ.

ಆಮೇಲೆ 100 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಬಟ್ಟೆ ರಾತ್ರಿಯಿಡೀ ನೆನೆಹಾಕಿ, ಹಿಂಡಿ, ಜಾಲಿಸದೆ ನೆರಳಲ್ಲಿ ಒಣಗಿಸಿ. ಹತ್ತಿಗೆ ಪಟಿಕ ತಾನಾಗಿ ಅಂಟುವುದಿಲ್ಲ. ಅಳಲೆಯ ಒಗರು ಹಿಡಿದುಕೊಡುತ್ತದೆ. ಮರುದಿನ 75 ಗ್ರಾಂ ಪಟಿಕ ಕರಗಿಸಿದ ಉಗುರುಬೆಚ್ಚಗಿನ ನೀರಲ್ಲಿ ಎರಡು ಗಂಟೆ ತಿರುವುತ್ತಾ ನೆನೆಸಿ ಪೂರ್ತಿ ಒಣಗಿಸಿ. ಒಂದು ದಿನ ಬಿಟ್ಟು ತಣ್ಣೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಉಳಿದ ಪಟಿಕ ಬಟ್ಟೆಯಲ್ಲೇ ಇದ್ದರೆ ಬಣ್ಣ ನೀರಲ್ಲೇ ನಿಂತುಬಿಡುತ್ತದೆ.

ಈಗ 250 ಗ್ರಾಂ ಮಂಜಿಷ್ಠ. ಪುಡಿಯ ಬದಲು ಕಡ್ಡಿಯನ್ನೇ ತಂದು ಜಜ್ಜಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿ. ಪುಡಿ ಹಾಕಿದರೆ ಸೀರೆಯ ತುಂಬ ಚುಕ್ಕೆ ಕೂರುತ್ತದೆ. ಹತ್ತು ಲೀಟರು ನೀರಲ್ಲಿ ಗಂಟು, ಬಟ್ಟೆ ಎರಡನ್ನೂ ಹಾಕಿ ನಿಧಾನ ಉರಿಯಲ್ಲಿ ಒಂದು ಗಂಟೆ. ಬೆರಳು ಅದ್ದಲಾಗದಷ್ಟು ಬಿಸಿಯಿರಬೇಕು, ಗುಳ್ಳೆ ಏಳಬಾರದು. ಕುದಿ ಬಂತೋ, ಕೆಂಪು ಹೋಗಿ ಕಂದು ಬರುತ್ತದೆ. ಪಾತ್ರೆ ಸ್ಟೀಲಿನದಿರಲಿ. ಕಬ್ಬಿಣದ ಬಾಣಲೆಯಲ್ಲಿ ಹಾಕಿದರೆ ಬಣ್ಣ ಮಂಕಾಗುತ್ತದೆ, ಮತ್ತು ಆ ಪಾತ್ರೆ ಮುಂದೆ ಅಡುಗೆಗೆ ಬೇಡ. ಬೋರ್‌ವೆಲ್ಲಿನ ಗಡಸು ನೀರಿಗೆ ಎಲ್ಲರೂ ಬಯ್ಯುತ್ತಾರೆ, ಆದರೆ ಮಂಜಿಷ್ಠಕ್ಕೆ ಅದರ ಸುಣ್ಣ ಉಪಕಾರಿ. ರಾತ್ರಿ ಅದರಲ್ಲೇ ಆರಲು ಬಿಟ್ಟು ಬೆಳಿಗ್ಗೆ ತೆಗೆಯಿರಿ.

ಕಪ್ಪು ಅಂಚು ಬೇಕಾದರೆ ಇದೇ ಅಳಲೆಯ ಬಟ್ಟೆ ಸಾಕು. ತುಕ್ಕು ಹಿಡಿದ ಮೊಳೆ ಅರ್ಧ ಕೆ.ಜಿ., ಬೆಲ್ಲ 200 ಗ್ರಾಂ, ನೀರು ಎರಡು ಲೀಟರು, ಮಡಕೆಯಲ್ಲಿ ಹದಿನೈದು ದಿನ. ಬಾಯಿಗೆ ಬಟ್ಟೆ ಕಟ್ಟಿ. ಬಿಗಿ ಮುಚ್ಚಳ ಹಾಕಿದರೆ ಹುಳಿಯುವಾಗ ಗಾಳಿ ತುಂಬಿ ಚಿಮ್ಮುತ್ತದೆ. ಸೋಸಿದ ನೀರನ್ನು ಕುಂಚದಲ್ಲಿ ಎಳೆದರೆ ನೋಡನೋಡುತ್ತಾ ಹಳದಿ ಬಟ್ಟೆ ಕಪ್ಪಾಗುತ್ತದೆ. ಒಂದೇ ಸಲ ಎಳೆಯಿರಿ. ಕಬ್ಬಿಣ ಹೆಚ್ಚಾದ ಕಡೆ ಬಟ್ಟೆ ವರ್ಷದೊಳಗೆ ಪಿಸಿಯುತ್ತದೆ.

ಪ್ರಶ್ನೆ: ಆ ಕಾಲದ ಊಟ ಮಾಡಬೇಕೆಂದರೆ ಏನೇನು ಬಿಡಬೇಕು? ಮಕ್ಕಳು ತಿನ್ನುವಂಥದ್ದು ಹೇಳಿ. — ಓದುಗರು, ಕೆ.ಆರ್. ಪೇಟೆ

ಉತ್ತರ: ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ಅಮೆರಿಕ ಮೂಲದ ಬೆಳೆಗಳೆಲ್ಲ ಆಮೇಲಿನವು: ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಮುಸುಕಿನ ಜೋಳ, ಸಿಹಿಗುಂಬಳ, ಬೀನ್ಸು, ಗೋಡಂಬಿ, ಸೀಬೆ, ಪರಂಗಿ. ಹೆಸರಲ್ಲೇ ಗುಟ್ಟಿದೆ ನೋಡಿ. ಸೀಮೆಬದನೆಯ 'ಸೀಮೆ', ಪರಂಗಿ ಎಂಬ ಮಾತು, ಎರಡೂ ಹೊರಗಿನಿಂದ ಬಂದದ್ದನ್ನು ಸಾರುತ್ತವೆ. ಕಾಫಿ, ಟೀ ಕೂಡ ಬೇಡ. 1129ರ ಸುಮಾರಿನ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ದೋಸೆ 'ಧೋಸಕ'ವಾಗಿ ಬರುತ್ತದೆ, ಹಾಗಾಗಿ ದೋಸೆಗೆ ಅಡ್ಡಿಯಿಲ್ಲ. ಆದರೆ ಮೈಸೂರಿನ ಮಸಾಲೆ ದೋಸೆಯೊಳಗಿನ ಪಲ್ಯ, ಕೆಂಪು ಚಟ್ನಿ ಎರಡಕ್ಕೂ ಅಮೆರಿಕದ ಬೇರಿದೆ.

ಉಳಿದದ್ದು ಕಡಿಮೆಯೇನಲ್ಲ: ಅಕ್ಕಿ, ರಾಗಿ, ಹುರುಳಿ, ಉದ್ದು, ತೊಗರಿ, ಅವರೆ, ಬದನೆ, ಬೂದುಗುಂಬಳ, ತೆಂಗು, ಹುಣಸೆ, ಎಳ್ಳು, ತುಪ್ಪ, ಮೊಸರು. ರಾಗಿ ಈ ನೆಲಕ್ಕೆ ಹಳೆಯದೇ. ಮಂಡ್ಯದವರ ಮುದ್ದೆ ಬಿಡಿಸುವ ಪಾಪ ನಮಗೆ ಬೇಡ. ಸಿಹಿಗೆ ಆಲೆಮನೆಯ ಬೆಲ್ಲ, ಕಂದು ಬಣ್ಣದ್ದು.

ನಾಲ್ಕು ಜನಕ್ಕೆ ಹುರುಳಿ ಸಾರು: 250 ಗ್ರಾಂ ಹುರುಳಿ ರಾತ್ರಿ ನೆನೆಸಿ, ಎರಡೂವರೆ ಲೀಟರು ನೀರಲ್ಲಿ ಬೇಯಿಸಿ. ಸೌದೆ ಒಲೆಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳನ್ನು ಒಂದಿಂಚು ಶುಂಠಿ, ಒಂದು ಚಮಚ ಜೀರಿಗೆ, ಕಾಲು ಹೋಳು ತೆಂಗಿನಕಾಯಿ ಜೊತೆ ಅರೆದು ಸೇರಿಸಿ. ಗೋಲಿಯಷ್ಟು ಹುಣಸೆ. ಕಾಳುಮೆಣಸು ಒಂದು ಚಮಚ ಮಾತ್ರ, ಕುಟ್ಟಿ ಇಳಿಸುವ ಮುಂಚೆ ಹಾಕಿ. ಮೆಣಸಿನಕಾಯಿಯ ಅಳತೆಯಲ್ಲಿ ಕಾಳುಮೆಣಸು ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ಅದರ ಖಾರ ನಾಲಿಗೆಗಿಂತ ಗಂಟಲಲ್ಲಿ ನಿಲ್ಲುತ್ತದೆ, ಮಕ್ಕಳು ತಟ್ಟೆ ಸರಿಸುತ್ತಾರೆ. ಮಿಕ್ಕ ಕಾಳಿಗೆ ಎಳ್ಳೆಣ್ಣೆ, ಸಾಸಿವೆ, ಇಂಗಿನ ಒಗ್ಗರಣೆ.

ಹೊಸ ಮಡಕೆಯನ್ನು ಹಾಗೇ ಒಲೆಗೇರಿಸಬೇಡಿ. ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಅಕ್ಕಿ ಗಂಜಿಯನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ ಚೆಲ್ಲಿ. ಗಂಜಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಕಾದ ಮಡಕೆಗೆ ತಣ್ಣೀರು ಹೊಯ್ದರೆ 'ಟಕ್' ಎಂಬ ಸದ್ದೇ ಉತ್ತರ. ಎರಡು ಮಡಕೆ ತಂದಿಟ್ಟುಕೊಳ್ಳಿ.

ಪ್ರಶ್ನೆ: ಮಗನಿಗೆ ಕತ್ತಿ, ಗುರಾಣಿ ಬೇಕೇ ಬೇಕಂತೆ. ನಿಜವಾದ ಕತ್ತಿಯ ಅಲಗು ಮೊಂಡು ಮಾಡಿ ಕೊಡಬಹುದೇ? — ಓದುಗರು, ಮದ್ದೂರು

ಉತ್ತರ: ಬೇಡ. ಕತ್ತಿಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುತ್ತವೆ. ಕಾಯ್ದೆಯ ಮಾತು ಬಿಟ್ಟರೂ ಮೊಂಡು ಕಬ್ಬಿಣ ಹಲ್ಲು ಮುರಿಯಲು ಧಾರಾಳ ಸಾಕು. ಬೆತ್ತ ತನ್ನಿ. ಮೈಸೂರಿನವರು ಬಂಬೂ ಬಜಾರ್ ಕಡೆ, ನಿಮ್ಮೂರಿನವರು ಮೇದರ ಮನೆಯಲ್ಲಿ ವಿಚಾರಿಸಿ. ಬಿದಿರಿನದು ಬೇಡ. ಪೆಟ್ಟು ಬಿದ್ದಾಗ ಬಿದಿರು ಉದ್ದುದ್ದ ಸೀಳಿ ಚೂಪು ಸಿಬಿರು ಏಳುತ್ತದೆ, ಬೆತ್ತ ನಾರುನಾರಾಗಿ ಮೆತ್ತಗಾಗುತ್ತದೆ. ಪಿವಿಸಿ ಪೈಪೂ ಬೇಡ, ಬಿಸಿಲಿಗೆ ಪೆಡಸಾಗಿ ಒಡೆದಾಗ ಅದೇ ಚಾಕು. 12ರ ಹುಡುಗನಿಗೆ 70 ಸೆಂ.ಮೀ. ಉದ್ದ, ಹೆಬ್ಬೆರಳ ದಪ್ಪದ ಬೆತ್ತ. ಅದರ ಸುತ್ತ ಒಂದು ಸೆಂ.ಮೀ. ದಪ್ಪದ ಫೋಮ್, ತುದಿಗೆ ಇಮ್ಮಡಿ, ಮೇಲೆ ಬಟ್ಟೆ ಸುತ್ತಿ ಹೊಲಿಯಿರಿ.

ಗುರಾಣಿಗೆ 6 ಮಿ.ಮೀ. ಪ್ಲೈವುಡ್, 45 ಸೆಂ.ಮೀ. ಅಡ್ಡಳತೆ. ಹಿಡಿಗೆ ಸ್ಕ್ರೂ ಹಾಕಿದರೆ ಅದರ ಮೊನೆ ಮುಂಗೈಗೆ ಚುಚ್ಚುತ್ತದೆ. ನಾಲ್ಕು ತೂತು ಕೊರೆದು ಹಗ್ಗದ ಎರಡು ಕುಣಿಕೆ ಮಾಡಿ: ಒಂದು ಮುಂಗೈಗೆ, ಒಂದು ಮುಷ್ಟಿಗೆ. ಅಂಚಿಗೆ ಹಳೆ ಸೈಕಲ್ ಟ್ಯೂಬು ಸೀಳಿ ಕೂರಿಸಿ, ಮೇಲೆ ಬಟ್ಟೆ ಅಂಟಿಸಿದರೆ ರಬ್ಬರು ಕಾಣದು. ಆಟದ ಕಟ್ಟುಪಾಡು ಎರಡೇ: ಕತ್ತಿನಿಂದ ಮೇಲೆ ಪೆಟ್ಟಿಲ್ಲ, ತಿವಿಯುವುದಿಲ್ಲ. ಬಿಲ್ಲು-ಬಾಣದ ಮಾತು ಸದ್ಯಕ್ಕೆ ಎತ್ತಬೇಡಿ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಏನು ಕೆಲಸ ಕೊಡಲಿ? ಅರ್ಧ ಗಂಟೆಗೆ ಬೇಸರವಾಗುತ್ತದೆ. — ಓದುಗರು, ಪಾಂಡವಪುರ

ಉತ್ತರ: ಸಂತೆಯ ಅಂಗಡಿ ಕೊಡಿ. ಜೇಡಿಮಣ್ಣಿನಲ್ಲಿ ನಾಣ್ಯ ತಟ್ಟಿ ಒಣಗಿಸಲಿ. ಆ ಕಾಲದ ನಾಣ್ಯಗಳ ಲೆಕ್ಕ ಹೀಗೆ: ಹತ್ತು ಹಣಕ್ಕೆ ಒಂದು ಗದ್ಯಾಣ, ನಾಲ್ಕು ಹಾಗಕ್ಕೆ ಒಂದು ಹಣ. ಕಾಳು ಅಳೆಯಲು ನಾಲ್ಕು ಬಳ್ಳಕ್ಕೆ ಒಂದು ಕೊಳಗ. ಮನೆಯ ಚಿಕ್ಕ ಡಬ್ಬ ಬಳ್ಳವಾಗಲಿ. ಅಪ್ಪ ಒಂದು ಹಾಗ ಕಮ್ಮಿ ಕೊಟ್ಟು ಚೌಕಾಸಿ ಮಾಡಿದರೆ ಮಧ್ಯಾಹ್ನದವರೆಗೆ ಅವಳು ಏಳುವುದಿಲ್ಲ.

ಪ್ರಶ್ನೆ: ಸೋಮನಾಥಪುರದ ಗುಡಿ ಅಂಗಳದಲ್ಲೇ ಒಲೆ ಹೂಡಬಹುದೇ? — ಓದುಗರು, ತಿ. ನರಸೀಪುರ

ಉತ್ತರ: ಆಗದು. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಒಳಗೆ ಅಡುಗೆ ಮಾಡುವಂತಿಲ್ಲ, ಕಾರ್ಯಕ್ರಮ ನಡೆಸಲು ಅನುಮತಿ ಬೇಕು. ಬೆಳಿಗ್ಗೆ ಗುಡಿ ನೋಡಿ, ಗುರುತು ಹಾಕಿಕೊಂಡು, ಒಲೆಯನ್ನು ನೆಂಟರ ತೋಟದಲ್ಲಿ ಹೂಡಿ. ಕಬ್ಬಿನ ಗದ್ದೆಯ ಪಕ್ಕ ಬೇಡ, ಒಣ ತರಗಿಗೆ ಒಂದು ಕಿಡಿ ಸಾಕು. ಎರಡು ಬಿಂದಿಗೆ ನೀರು ಒಲೆಯ ಬದಿಯಲ್ಲೇ ಇರಲಿ. ಕನ್ನಡಕ, ಮಾತ್ರೆ, ಮಕ್ಕಳ ನೀರಿನ ಬಾಟಲಿಯನ್ನು ಇಸವಿಯ ನೆಪದಲ್ಲಿ ಮನೆಯಲ್ಲಿ ಬಿಟ್ಟು ಹೋಗಬೇಡಿ. ಬಾಟಲಿಗೊಂದು ಬಟ್ಟೆಯ ಚೀಲ ಹೊಲಿದರಾಯಿತು.