ಮಿಡ್‌ವೈಫರಿ ಓದಬೇಕೆಂದಿದ್ದೀರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಿಡ್‌ವೈಫ್ (ತರಬೇತಿ ಪಡೆದ ಸೂಲಗಿತ್ತಿ) ಆಗಲು ಮೊದಲು ನರ್ಸಿಂಗ್ ಓದಲೇಬೇಕೆ? ನೇರವಾಗಿ ಸೇರಲು ಬರುತ್ತದೆಯೇ?

ಉತ್ತರ: ಎರಡು ದಾರಿಗಳಿವೆ. ಎಲ್ಲ ದೇಶಗಳಲ್ಲೂ ಎರಡೂ ತೆರೆದಿರುವುದಿಲ್ಲ, ಅಷ್ಟೆ. ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡದಂತೆ ನೇರ ಪ್ರವೇಶದ ಕೋರ್ಸ್ ಕನಿಷ್ಠ 3 ವರ್ಷ. ನರ್ಸಿಂಗ್ ಮುಗಿಸಿ ಬಂದವರಿಗೆ ಕನಿಷ್ಠ 18 ತಿಂಗಳು. ಎರಡರಲ್ಲೂ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಭಾಗ ಪ್ರಾಯೋಗಿಕ ಕಲಿಕೆಯೇ ಇರಬೇಕು.

ಅರ್ಜಿಗೆ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳಿ. ಈ ಕೋರ್ಸ್ ಮುಗಿಸಿದವರನ್ನು ಆ ದೇಶದ ನೋಂದಣಿ ಮಂಡಳಿ ಮಿಡ್‌ವೈಫ್ ಎಂದು ದಾಖಲಿಸಿಕೊಳ್ಳುತ್ತದೆಯೇ? ತಾಯಿ-ಮಗುವಿನ ಆರೋಗ್ಯದ ಬಗ್ಗೆ ಒಳ್ಳೊಳ್ಳೆಯ ಪದವಿಗಳಿವೆ, ಆದರೆ ನೋಂದಣಿ ಸಿಗದ ಪದವಿ ಹಿಡಿದು ಹೆರಿಗೆ ಮಾಡಿಸಲು ಆಗುವುದಿಲ್ಲ. ಕಾಲೇಜಿನವರ ಬಾಯಿಮಾತು ಸಾಲದು, ಮಂಡಳಿಯ ಮಾನ್ಯತಾ ಪಟ್ಟಿಯಲ್ಲೇ ಕೋರ್ಸಿನ ಹೆಸರು ಹುಡುಕಿ.

ಪ್ರಶ್ನೆ: ಅರ್ಜಿಯ ಜೊತೆ ನನ್ನ ಬಗ್ಗೆ ಬರೆಯಬೇಕಾದ ಹೇಳಿಕೆಯನ್ನು "ಚಿಕ್ಕಂದಿನಿಂದಲೂ ನನಗೆ ಮಕ್ಕಳೆಂದರೆ ಪ್ರಾಣ" ಎಂದು ಶುರುಮಾಡಿದ್ದೇನೆ. ಓದಿದವರು ಬದಲಿಸು ಎನ್ನುತ್ತಾರೆ. ಏಕೆ?

ಉತ್ತರ: ಅವರು ಹೇಳಿದ್ದು ಸರಿ. ಮಿಡ್‌ವೈಫ್‌ಳ ಕೆಲಸದ ಬಹುಪಾಲು ಹೆಂಗಸಿನ ಜೊತೆ ನಡೆಯುತ್ತದೆ. ತಿಂಗಳುಗಟ್ಟಲೆ ತಪಾಸಣೆ, ಗಂಟೆಗಟ್ಟಲೆ ಹೆರಿಗೆ ನೋವು, ಆಮೇಲೆ ಬಾಣಂತಿಯ ಆರೈಕೆ. ಮಕ್ಕಳ ಮೇಲಿನ ಪ್ರೀತಿಯನ್ನೇ ಮುಂದಿಟ್ಟರೆ, ಈ ಕೆಲಸ ಏನೆಂದು ಇವರು ವಿಚಾರಿಸಿಲ್ಲ ಎಂದು ಆಯ್ಕೆ ಮಾಡುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ನಿಮ್ಮ ಬರಹ ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ನರ್ಸಿಂಗ್ ಬಿಟ್ಟು, ವೈದ್ಯಕೀಯ ಬಿಟ್ಟು, ಇದೇ ಏಕೆ? ಸಹಜವಾಗಿ ಸಾಗುತ್ತಿರುವ ಬಸುರಿತನ ಮತ್ತು ಹೆರಿಗೆಯನ್ನು ಮಿಡ್‌ವೈಫ್ ತನ್ನದೇ ಹೊಣೆಯಲ್ಲಿ ನೋಡಿಕೊಳ್ಳುತ್ತಾಳೆ. ದಾರಿ ತಪ್ಪುವ ಸೂಚನೆ ಸಿಕ್ಕ ಕೂಡಲೇ ವೈದ್ಯರನ್ನು ಕರೆಯುತ್ತಾಳೆ. ಈ ಎರಡನೆಯದಕ್ಕೆ ಬೇಕಾದ ಗುಣ, ಅಂದರೆ ಸಣ್ಣ ಬದಲಾವಣೆಯನ್ನು ಗಮನಿಸಿ ಸಂಕೋಚವಿಲ್ಲದೆ ಹೇಳುವುದು, ನಿಮ್ಮಲ್ಲಿದೆ ಎಂದು ತೋರಿಸುವ ಒಂದು ಘಟನೆ ಬರೆಯಿರಿ. ಅದು ಹೆರಿಗೆ ಕೋಣೆಯದ್ದೇ ಆಗಬೇಕಿಲ್ಲ. "ವೃದ್ಧಾಶ್ರಮದಲ್ಲಿ 6 ತಿಂಗಳು ಸೇವೆ ಮಾಡಿದ್ದೇನೆ" ಎಂಬುದು ಬರೀ ಮಾಹಿತಿ. "ದಿನಾ ಮಾತಾಡುತ್ತಿದ್ದ ಅಜ್ಜಿ ಆ ದಿನ ಊಟದ ತಟ್ಟೆ ಮುಟ್ಟದೆ ಸುಮ್ಮನಿದ್ದರು. ನರ್ಸ್‌ಗೆ ತಿಳಿಸಿದೆ, ಜ್ವರ ಇತ್ತು" ಎಂದು ಬರೆದರೆ ನೀವು ಕಾಣುತ್ತೀರಿ.

ಎಡವುವ ಜಾಗಗಳು ಇನ್ನೂ ಇವೆ. ಬಸುರಿಯನ್ನು ಉದ್ದಕ್ಕೂ "ರೋಗಿ" ಎಂದು ಬರೆಯುವುದು. ಸ್ವಂತ ಹೆರಿಗೆಯ ಕಥೆಗೇ ಪುಟವೆಲ್ಲ ಮುಗಿಸುವುದು (ಎರಡು ಸಾಲು ಸಾಕು, ಅದರಿಂದ ಈ ವೃತ್ತಿಯ ಬಗ್ಗೆ ಏನು ತಿಳಿಯಿತು ಎಂಬುದು ಮುಖ್ಯ). ಎಲ್ಲಕ್ಕಿಂತ ಕೆಟ್ಟದ್ದು, ಆಸ್ಪತ್ರೆಯಲ್ಲಿ ಕಂಡವರ ಹೆಸರನ್ನೋ ಗುರುತು ಸಿಗುವ ವಿವರವನ್ನೋ ಬರೆಯುವುದು. ಗುಟ್ಟು ಕಾಯುವುದೇ ಈ ಕೆಲಸದ ಮೊದಲ ಷರತ್ತು, ಅರ್ಜಿಯಲ್ಲೇ ಅದನ್ನು ಮುರಿದವರನ್ನು ಯಾರು ನಂಬುತ್ತಾರೆ?

ಪ್ರಶ್ನೆ: ಸಂದರ್ಶನದಲ್ಲಿ ಲೆಕ್ಕದ ಪರೀಕ್ಷೆ ಇರುತ್ತದಂತೆ. ಎಂಥ ಲೆಕ್ಕ?

ಉತ್ತರ: ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ, ದಶಮಾಂಶ. ಮಾದರಿಗೆ: ಆಂಪೂಲ್‌ನಲ್ಲಿ (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆ) 2 ಮಿ.ಲೀ. ದ್ರವ, ಅದರಲ್ಲಿ 100 ಮಿ.ಗ್ರಾಂ. ಔಷಧ. ಕೊಡಬೇಕಾದ್ದು 75 ಮಿ.ಗ್ರಾಂ. ಎಷ್ಟು ಮಿ.ಲೀ. ಎಳೆದುಕೊಳ್ಳಬೇಕು? ಬೇಕಾದ್ದನ್ನು ಇರುವುದರಿಂದ ಭಾಗಿಸಿ, ದ್ರವದ ಪ್ರಮಾಣದಿಂದ ಗುಣಿಸಿ: 75 ÷ 100 × 2 = 1.5 ಮಿ.ಲೀ. ಗಾಬರಿಯಲ್ಲಿ ಕೊನೆಯ ಗುಣಾಕಾರ ಮರೆತು 0.75 ಎಂದು ಬರೆದುಬಿಡುತ್ತಾರೆ. ಹಾಗಾಗದಿರಲು ಲೆಕ್ಕಕ್ಕೆ ಮೊದಲೇ ಅಂದಾಜು ಮಾಡಿ. ಅರ್ಧ ಆಂಪೂಲ್ ಎಂದರೆ 50 ಮಿ.ಗ್ರಾಂ., 1 ಮಿ.ಲೀ. ನಮಗೆ ಅದಕ್ಕಿಂತ ಹೆಚ್ಚು, ಪೂರ್ತಿಗಿಂತ ಕಡಿಮೆ ಬೇಕು. ಉತ್ತರ 1ಕ್ಕೂ 2ಕ್ಕೂ ನಡುವೆ ಬಾರದಿದ್ದರೆ ಎಲ್ಲೋ ತಪ್ಪಿದೆ. ಇನ್ನೊಂದು ಬಲೆ ಮೈಕ್ರೋಗ್ರಾಂ. 1 ಮಿ.ಗ್ರಾಂ. ಎಂದರೆ 1,000 ಮೈಕ್ರೋಗ್ರಾಂ. ಇಲ್ಲಿ ಬಿಂದು ಜಾರಿದರೆ ಪ್ರಮಾಣ ಹತ್ತು ಪಟ್ಟೋ ನೂರು ಪಟ್ಟೋ ಏರುಪೇರಾಗುತ್ತದೆ.

ಮಾತಿನ ಸುತ್ತಿನಲ್ಲಿ ಸನ್ನಿವೇಶ ಕೊಡುತ್ತಾರೆ: ನೀವು ಒಳ್ಳೆಯದೆಂದು ತಿಳಿದ ಪರೀಕ್ಷೆಯನ್ನು ಗರ್ಭಿಣಿ ಬೇಡವೆನ್ನುತ್ತಾಳೆ, ಏನು ಮಾಡುತ್ತೀರಿ? "ಒಪ್ಪಿಸುತ್ತೇನೆ" ಎಂದರೆ ಕೆಟ್ಟಿತು. ಏಕೆ ಬೇಡ ಎಂದು ಕೇಳಿಸಿಕೊಳ್ಳಬೇಕು, ಮಾಡಿದರೆ ಏನು, ಬಿಟ್ಟರೆ ಏನು ಎಂದು ಸರಳವಾಗಿ ತಿಳಿಸಬೇಕು, ನಿರ್ಧಾರ ಆಕೆಯದ್ದೆಂದು ಒಪ್ಪಬೇಕು, ಎಲ್ಲವನ್ನೂ ದಾಖಲಿಸಿ ಹಿರಿಯರಿಗೆ ತಿಳಿಸಬೇಕು.

ಪ್ರಶ್ನೆ: ರಕ್ತ ಕಂಡರೆ ತಲೆ ತಿರುಗುತ್ತದೆ. ಆಸೆ ಬಿಡಲೇ?

ಉತ್ತರ: ಬಿಡಬೇಡಿ, ಹೆಚ್ಚಿನವರಿಗೆ ನೋಡುತ್ತ ನೋಡುತ್ತ ಅಭ್ಯಾಸವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊಣಕಾಲು ಬಿಗಿ ಹಿಡಿದು ನಿಲ್ಲಬೇಡಿ. ಕಣ್ಣು ಕತ್ತಲಾಗುವಂತಿದ್ದರೆ ಹೇಳಿ ಕೂತುಬಿಡಿ. ಮರ್ಯಾದೆಗೆ ಅಂಜಿ ನಿಂತೇ ಇರುವವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಸೇರಿದ ಮೇಲೆ ಓದು ಎಷ್ಟು ಕಷ್ಟ? ಎಷ್ಟು ಹೆರಿಗೆ ಮಾಡಿಸಬೇಕು?

ಉತ್ತರ: ಸಂಖ್ಯೆ ದೇಶಕ್ಕೊಂದು ಥರ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ವಿದ್ಯಾರ್ಥಿನಿ ಕನಿಷ್ಠ 40 ಹೆರಿಗೆ ಮಾಡಿಸಬೇಕು. ಅಷ್ಟು ಸಿಗದ ಕಡೆ 30 ಮಾಡಿಸಿ, ಮತ್ತೆ 20ರಲ್ಲಿ ನೆರವಾದರೂ ನಡೆಯುತ್ತದೆ. ಇದರ ಜೊತೆ ಕನಿಷ್ಠ 100 ಗರ್ಭಿಣಿ ತಪಾಸಣೆ. ಇವನ್ನೆಲ್ಲ ದಾಖಲಿಸುವ ಲಾಗ್‌ಬುಕ್‌ಗೆ ಅದೇ ಪಾಳಿಯಲ್ಲಿ ಸಹಿ ಹಾಕಿಸಿಕೊಳ್ಳಿ. ಕೊನೆಯ ವರ್ಷ ಹಳೆಯ ಮೇಲ್ವಿಚಾರಕರನ್ನು ಹುಡುಕಿಕೊಂಡು ಅಲೆಯುವ ಕಷ್ಟ ಯಾರಿಗೂ ಬೇಡ.

ಕಷ್ಟ ಇರುವುದು ಸರಳವಾಗಿ ಕಾಣುವ ಕೆಲಸಗಳಲ್ಲಿ. ಹೊಟ್ಟೆಗೆ ಟೇಪು ಹಿಡಿದು ಗರ್ಭಕೋಶದ ಎತ್ತರ ಅಳೆಯುವುದನ್ನೇ ನೋಡಿ. ಸುಮಾರು 24 ವಾರದ ನಂತರ ಅಳತೆಯ ಸೆಂಟಿಮೀಟರು ಹೆಚ್ಚುಕಡಿಮೆ ವಾರದ ಸಂಖ್ಯೆಗೆ ಹೊಂದುತ್ತದೆ: 30 ವಾರಕ್ಕೆ 30 ಸೆಂ.ಮೀ., 2 ಸೆಂ.ಮೀ. ಆಚೀಚೆ. ಮೂತ್ರಕೋಶ ತುಂಬಿದ್ದರೆ ಅಳತೆ ಸುಳ್ಳಾಗಿ ಹೆಚ್ಚುತ್ತದೆ, ಹಾಗಾಗಿ ಮೊದಲು ಮೂತ್ರಕ್ಕೆ ಹೋಗಿಬರಲು ಹೇಳಬೇಕು. ಗರ್ಭಕೋಶದ ನೆತ್ತಿಯನ್ನು ಕೈಯಿಂದ ಹುಡುಕಿ, ಅಲ್ಲಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಮೇಲಂಚಿಗೆ ಟೇಪು ಎಳೆಯಬೇಕು, ಅಂಕಿಗಳಿರುವ ಬದಿ ಹೊಟ್ಟೆಯ ಕಡೆಗೆ. ಅಂಕಿ ಕಾಣುತ್ತಿದ್ದರೆ ಬರಬೇಕಾದ ಸಂಖ್ಯೆಯತ್ತ ಬೆರಳು ತಾನಾಗಿ ಸರಿಯುತ್ತದೆ, ಬೆಳವಣಿಗೆ ಕುಂಠಿತವಾದ ಕೂಸು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಅಳತೆ ಮುಗಿದ ಮೇಲಷ್ಟೇ ಟೇಪು ತಿರುಗಿಸಿ ಓದಿ.

ಪ್ರಶ್ನೆ: ಈ ಸಲ ಸೀಟು ಸಿಗಲಿಲ್ಲ. ಮುಂದಿನ ವರ್ಷ ಮತ್ತೆ ಹಾಕಬಹುದೆ?

ಉತ್ತರ: ಹಾಕಿ, ಆದರೆ ಅದೇ ಅರ್ಜಿಯನ್ನಲ್ಲ. ಎಲ್ಲಿ ನಿಂತಿತು ಎಂದು ಕಾಲೇಜಿಗೆ ಬರೆದು ಕೇಳಿ. ಅಂಕದಲ್ಲಾದರೆ ಜೀವಶಾಸ್ತ್ರದ ಪರೀಕ್ಷೆ ಮತ್ತೆ ಕಟ್ಟಿ. ಹೇಳಿಕೆಯಲ್ಲಾದರೆ, ಆರೈಕೆಯ ಕೆಲಸವೊಂದಕ್ಕೆ ಸೇರಿ, ದಿನವೂ ಕಂಡದ್ದನ್ನು ಹೆಸರಿಲ್ಲದೆ ನಾಲ್ಕು ಸಾಲು ಬರೆದಿಡಿ. ಸಂದರ್ಶನದಲ್ಲಾದರೆ ಉತ್ತರಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಪ್ರತಿ ಉತ್ತರ 2 ನಿಮಿಷದೊಳಗೆ.